ಕುಡಿಯದೆ ಕೆಳಗಿಟ್ಟ ಕಾಫಿ

ಮೈಮೂನಾಳನ್ನು ನಟ್ಟನಡುವೆ ಕೊಯ್ದು ಎರಡು ಹೋಳು ಮಾಡುತ್ತಾರೆ ಅನ್ನುವುದನ್ನು ಚಿಕ್ಕಪ್ಪ ನನಗೆ ಹೇಳಿದ್ದು ಗಾಡಿ ಮಸ್ಕತ್ ದಾರಿಯ ಕುರಿಯಾತ್ ದಾಟಿದ ಮೇಲೆ. ಬೇಕೆಂದೇ ಅಲ್ಲಿಯವರೆಗೆ ಬಾಯಿ ಬಿಗಿಹಿಡಿದಿದ್ದ. ನಮ್ಮೂರು ಸೂರ್‌ನಲ್ಲೇ ಹೇಳಿದ್ದರೆ ನಾನು ಗಾಡಿ ಹತ್ತುತ್ತಿರಲಿಲ್ಲ, ಅವನ ಪಿಕಪ್ಪಿನ ಟೈರುಗಳಲ್ಲಿ ಗಾಳಿಯೂ ಉಳಿಯುತ್ತಿರಲಿಲ್ಲ.

"ಕೊಯ್ಯೋದು ಅಂದ್ರೆ?" ಅಂದೆ.

"ಕೊಯ್ಯೋದು ಅಂದ್ರೆ ಕೊಯ್ಯೋದು. ಗರಗಸದಲ್ಲಿ." ಜುಮಾ ಚಿಕ್ಕಪ್ಪ ರಸ್ತೆಯಿಂದ ಕಣ್ಣು ಕೀಳಲಿಲ್ಲ. "ಹೋಟೆಲ್ನೋರಿಗೆ ಮುಂದಿನ ಅರ್ಧ ಬೇಕಂತೆ. ಬಂದೋರು ನಿಂತ್ಕೊಂಡು ಹೆಸರು ಬರೆಸ್ತಾರಲ್ಲ, ಆ ಮೇಜು ಮಾಡ್ತಾರೆ. ಹಿಂದಿನ ಅರ್ಧ ಗೋಡೆಗೆ."

"ಗೋಡೆಗೆ ಯಾಕೆ?"

"ಅಂದಕ್ಕೆ."

ಬಾಗಿಲು ತೆಗೆದು ಹಾರಿಬಿಡೋಣ ಅನ್ನಿಸಿತು. ಒಂದು ಕಡೆ ಸುಟ್ಟ ಬೆಟ್ಟ, ಇನ್ನೊಂದು ಕಡೆ ಸಮುದ್ರ, ನಡುವೆ ನುಣ್ಣನೆ ರಸ್ತೆ. ಹಾರಿ ಹೋಗುವುದಾದರೂ ಎಲ್ಲಿಗೆ? ಎಡಗೈಯಲ್ಲಿ ಬಾಗಿಲಿಗೆ ಗುದ್ದಿದೆ. ಬಲಗೈಗೆ ಗುದ್ದುವ ಯೋಗ್ಯತೆ ಇರಲಿಲ್ಲ. ಹಿಂದಿನ ವಾರ ಮೈಮೂನಾಳ ಹೊಟ್ಟೆಯ ಕೆಳಗೆ ಕೂತು ಹಲಗೆ ಕೆತ್ತುವಾಗ ಬಾಚಿ ಜಾರಿ ಹೆಬ್ಬೆರಳ ಬುಡ ಸೀಳಿತ್ತು. ಹೊಲಿಗೆ ಹಾಕಿ, ಅಂಗೈಯಿಂದ ಮಣಿಕಟ್ಟಿನವರೆಗೆ ಬಟ್ಟೆ ಸುತ್ತಿ, ಹೆಬ್ಬೆರಳು ಅಲ್ಲಾಡದ ಹಾಗೆ ಬಿಗಿದಿದ್ದರು.

ಮೈಮೂನಾ ನಮ್ಮ ಹಡಗು. ಅಜ್ಜ ಕಟ್ಟಿದ್ದು. ಮಲಬಾರಿನ ತೇಗ, ಒಂದೊಂದು ಮೊಳೆಗೂ ಎಣ್ಣೆಯಲ್ಲಿ ನೆನೆಸಿದ ಹತ್ತಿ ಸುತ್ತಿ ಹೊಡೆದದ್ದು. ಖರ್ಜೂರ ತುಂಬಿಕೊಂಡು ಮಂಗಳೂರಿಗೆ ಹೋಗಿ ಹೆಂಚು ತಂದವಳು. ಈಗ ಸೂರ್‌ನ ಹಿನ್ನೀರಿನ ದಂಡೆಯಲ್ಲಿ ಮರದ ಊರುಗೋಲುಗಳ ಮೇಲೆ ನಿಂತಿದ್ದಾಳೆ. ಹೊಟ್ಟೆಯ ನೆರಳಲ್ಲಿ ಆಡುಗಳು ಮಲಗುತ್ತವೆ. ಶಾಲೆ ಬಿಟ್ಟು ಬಂದವನಿಗೆ ಅಜ್ಜ ಅದೇ ನೆರಳಲ್ಲಿ ಬಾಚಿ ಹಿಡಿಯಲು ಕಲಿಸಿದ. ಊರೆಲ್ಲ ನನ್ನನ್ನು ಕೆಲಸಕ್ಕೆ ಬಾರದವನು ಅಂದಾಗ ಅಜ್ಜ ಅಂದದ್ದು ಇಷ್ಟೇ: "ಈ ಹಲಗೆಗೆ ಎಣ್ಣೆ ಹಚ್ಚು." ಅವತ್ತಿನಿಂದ ವರ್ಷಕ್ಕೊಂದು ಸಲ ಅವಳಿಗೆ ಶಾರ್ಕ್ ಮೀನಿನ ಎಣ್ಣೆ ಹಚ್ಚುವವನು ನಾನೇ. ಆ ನಾತ ತಲೆಗೂದಲಿಂದ ಹೋಗೋಕೆ ತಿಂಗಳು ಬೇಕು.

"ಅರ್ಧ ಆದ್ರೂ ಬದುಕ್ಲಿ ಬಿಡೋ ನಸೀಬ್," ಅಂದ ಚಿಕ್ಕಪ್ಪ. "ಇನ್ನೆರಡು ಬೇಸಿಗೆ ಹೋದ್ರೆ ಅವಳು ಸೌದೆ. ಮಸ್ಕತ್‌ನಲ್ಲಾದ್ರೆ ಎ.ಸಿ. ಇರುತ್ತೆ. ದಿನಾ ಒರೆಸ್ತಾರೆ."

"ನಿನ್ನನ್ನೂ ಅರ್ಧ ಮಾಡಿ ಎ.ಸಿ.ಲಿ ಇಡ್ಲಾ?"

"ಮೇಲಿನ ಅರ್ಧ ಇಡು. ಕೆಳಗಿನದರಲ್ಲಿ ಮಂಡಿನೋವು."

ನಾನು ನಗಲಿಲ್ಲ. ಅವನು ಒಬ್ಬನೇ ನಕ್ಕ. ಮಸ್ಕತ್‌ಗೆ ಹೊರಟರೆ ಚಿಕ್ಕಪ್ಪ ಹಾಗೆಯೇ. ಮೈಮೇಲೆ ಪಾದ ಮುಟ್ಟುವ, ಇಸ್ತ್ರಿ ಮುರಿಯದ ದಿಶ್‌ದಾಶಾ, ಹೊಸ ಕಸೂತಿಯ ಟೋಪಿ, ಕಿವಿಯ ಹಿಂದೆ ಅತ್ತರು. ವ್ಯಾಪಾರ ಅನ್ನುತ್ತಾನೆ, ಆದರೆ ಮನಸ್ಸೆಲ್ಲ ಅಲ್ಲಿಯ ಬಂದರುಕೇರಿ ಮತ್ರಾದ ಬಜಾರಿನಲ್ಲಿ, ಸಮುದ್ರದ ದಂಡೆಯ ಕಲ್ಲುಬೆಂಚಿನಲ್ಲಿ. ನಮ್ಮ ಕಟ್ಟುಗೆಲಸದ ಅಂಗಳಕ್ಕೆ ಹೊಸ ಹಡಗಿನ ಕೆಲಸ ಬಂದು ಎಷ್ಟೋ ಕಾಲವಾಯಿತು. ಈಗೆಲ್ಲ ಫೈಬರ್ ದೋಣಿ. ಮೈಮೂನಾ ಮಾರಿದರೆ ಅಂಗಳದ ಬಾಗಿಲು ಮುಚ್ಚದೆ ಉಳಿಯುತ್ತದೆ ಅನ್ನುವುದು ಅವನ ಲೆಕ್ಕ. ಅದು ಸುಳ್ಳಲ್ಲ ಅನ್ನುವುದೇ ನನ್ನ ಸಿಟ್ಟನ್ನು ಇನ್ನಷ್ಟು ಏರಿಸುತ್ತಿತ್ತು.

ಊರು ಹತ್ತಿರ ಬಂದಾಗ ಚಿಕ್ಕಪ್ಪ ಗಾಡಿಯನ್ನು ತೊಳೆಯುವ ಅಂಗಡಿಗೆ ತಿರುಗಿಸಿದ. ಕೊಳಕು ಗಾಡಿ ತಂದರೆ ಮಸ್ಕತ್‌ನಲ್ಲಿ ದಂಡ ಹಾಕುತ್ತಾರೆ. ನಮ್ಮ ಪಿಕಪ್ಪಿನ ಮೇಲೆ ಸೂರ್‌ನ ಅರ್ಧ ಮರಳಿತ್ತು.

"ನೋಡು, ಊರೊಳಗೆ ಹೋಗೋಕೂ ಸ್ನಾನ ಮಾಡ್ಬೇಕು," ಅಂದೆ. "ಇವ್ರೇನು ಮಸೀದಿ ಕಟ್ಕೊಂಡಿದಾರಾ, ಊರು ಕಟ್ಕೊಂಡಿದಾರಾ?"

"ಬಯ್ಯೋ, ಬಯ್ಯಿ. ಊರು ಕಂಡ ಮೇಲೆ ಬಾಯಿ ಮುಚ್ತೀಯ."

ಹೇಳಬಾರದು, ಆದರೆ ಮುಚ್ಚಿದೆ. ಕೊನೆಯ ಬೆಟ್ಟದ ತಿರುವು ದಾಟಿದ ಕೂಡಲೇ ಮಸ್ಕತ್ ಕಾಣುತ್ತದೆ. ಕಪ್ಪು ಬಂಡೆಗಳ ಸಂದಿಯಲ್ಲಿ ಹಾಲು ಚೆಲ್ಲಿದ ಹಾಗೆ ಬಿಳೀ ಮನೆಗಳು. ಬೇರೆ ಊರುಗಳ ಹಾಗೆ ಇಲ್ಲಿ ಆಕಾಶಕ್ಕೆ ಕೋಲು ಚುಚ್ಚುವ ಕಟ್ಟಡಗಳಿಲ್ಲ. ಬೆಟ್ಟಕ್ಕಿಂತ ಎತ್ತರ ಬೆಳೆಯುವ ದುರಾಸೆ ಯಾರಿಗೂ ಇಲ್ಲ. ರಸ್ತೆಯ ನಡುವೆ ಹೂವು. ಒಂದು ಕಾಗದದ ಚೂರೂ ಬಿದ್ದಿಲ್ಲ. ಹುಡುಕಿದೆ, ಬಯ್ಯೋಕಾದರೂ ಒಂದು ಬೇಕಿತ್ತು. ಸಿಗಲಿಲ್ಲ.

ಹಡಗು ಕೊಳ್ಳುವವರು ಥುವೈನಿ ಬಿನ್ ಹಿಲಾಲ್, ಮತ್ರಾದ ಹಳೆಯ ವ್ಯಾಪಾರಿ ಮನೆತನ. ಸಮುದ್ರದ ಅಂಚಿನಲ್ಲಿ ಹೋಟೆಲು ಕಟ್ಟಿಸುತ್ತಿದ್ದರು. ಅವರ ಕಚೇರಿಯಲ್ಲಿ ನಮ್ಮನ್ನು ಎದುರುಗೊಂಡದ್ದು ಮಗಳು ರಯ್ಯಾ. ಹೋಟೆಲಿನ ನಕ್ಷೆ ಅವಳದು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬೇಕು. ಚಿಕ್ಕಪ್ಪನ ಮಂಡಿನೋವು ಯಾರು ಹೇಳಿದರೋ, ತಾನೇ ಹೋಗಿ ಎತ್ತರದ ಕುರ್ಚಿ ಎಳೆದು ತಂದಳು. ಬಯ್ಯೋಣ ಅಂದುಕೊಂಡಿದ್ದ ಮೊದಲ ಮಾತು ಅಲ್ಲೇ ಸತ್ತಿತು.

ಪರದೆಯ ಮೇಲೆ ಮೈಮೂನಾ ಮೂಡಿದಳು. ಚೆಂದವಾಗಿ ಬರೆದಿದ್ದಳು ಕಣ್ರೀ. ಹಲಗೆ ಹಲಗೆಯೂ ಇತ್ತು. ನಡುವೆ ಮೇಲಿಂದ ಕೆಳಗೆ ಒಂದು ಕೆಂಪು ಗೆರೆ.

"ಈ ಗೆರೆ?" ಅಂದೆ, ಗೊತ್ತಿದ್ದೂ.

"ಇಲ್ಲಿ ಕತ್ತರಿಸ್ತೀವಿ," ಅಂದಳು. "ಇಡೀ ಹಡಗು ಹಾಲ್‌ನಲ್ಲಿ ಹಿಡಿಸಲ್ಲ ತಮ್ಮಾ. ನಾನು ಎಲ್ಲಾ ಥರಾನೂ ನೋಡ್ದೆ."

"ಹಾಗಾದ್ರೆ ಹೊರಗೆ ನಿಂತಿರೋ ನಿಮ್ಮಪ್ಪನ ದೊಡ್ಡ ಕಾರು? ಅದೂ ಹಿಡಿಸಲ್ಲ. ಅದನ್ನೂ ಕತ್ತರಿಸಿ ಒಂದು ಸೋಫಾ ಮಾಡಿ."

ಚಿಕ್ಕಪ್ಪ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದ. ರಯ್ಯಾ ಒಂದು ಗಳಿಗೆ ನನ್ನನ್ನೇ ನೋಡಿ, ಕಿಸಕ್ಕನೆ ನಕ್ಕಳು.

"ಗರಗಸ ತಂದಿದ್ದೀಯಾ? ನಡಿ, ಈಗಲೇ ಕತ್ತರಿಸೋಣ. ಆ ಕಾರು ಕಂಡ್ರೆ ನಂಗೂ ಆಗಲ್ಲ." ಆಮೇಲೆ ದನಿ ತಗ್ಗಿಸಿ ಅಂದಳು: "ನೋಡು, ನಂಗೂ ಇಷ್ಟ ಇಲ್ಲ. ಆದ್ರೆ ಅರ್ಧ ಆದ್ರೂ ಜನ ಮುಟ್ಟಿ ನೋಡ್ತಾರೆ. ನೀನು ಬೇರೆ ದಾರಿ ತೋರ್ಸು, ನಾನು ಗೆರೆ ಅಳಿಸ್ತೀನಿ."

ನನ್ನ ಹತ್ತಿರ ಬೇರೆ ದಾರಿ ಇರಲಿಲ್ಲ. ಸಿಟ್ಟಿತ್ತು, ಅಷ್ಟೇ. ಸಿಟ್ಟನ್ನು ಪರದೆಯ ಮೇಲೆ ಬರೆಯಲಾಗುವುದಿಲ್ಲ.

ಸಂಜೆ ಅವರ ಮನೆಯ ಮಜ್ಲಿಸ್‌ಗೆ ಬರಬೇಕು, ಅಪ್ಪ ಅಲ್ಲಿ ಮಾತು ಮುಗಿಸುತ್ತಾರೆ ಅಂದಳು. ನಮ್ಮಲ್ಲಿ ಕಚೇರಿಯಲ್ಲಿ ಎಷ್ಟು ಕಾಗದ ಹರಿದಾಡಿದರೂ ಮಾತು ಗಟ್ಟಿಯಾಗುವುದು ಬೈಠಕ್ಕಿನಲ್ಲಿ, ಕಾಫಿಯ ಮುಂದೆ.

ಅಲ್ಲಿಯವರೆಗೆ ಚಿಕ್ಕಪ್ಪನ ಹಬ್ಬ. ಮತ್ರಾದ ಬಜಾರಿನಲ್ಲಿ ಧೂಪದ ಹೊಗೆಯ ನಡುವೆ ಅಂಗಡಿಯಿಂದ ಅಂಗಡಿಗೆ ನನ್ನನ್ನು ಎಳೆದುಕೊಂಡು ಹೋದ. ಚಿಕ್ಕಮ್ಮನಿಗೆ ಶಾಲು, ತನಗೆ ಅತ್ತರು. ಅತ್ತರಿನವನ ಹತ್ತಿರ ಚೌಕಾಸಿ ಮಾಡುವುದನ್ನು ನೋಡಬೇಕಿತ್ತು. "ಇದು ಗುಲಾಬೀನಾ? ನಮ್ಮೂರಿನ ಕತ್ತೆ ಇದಕ್ಕಿಂತ ಚೆನ್ನಾಗಿ ಘಮಘಮ ಅನ್ನುತ್ತೆ," ಅನ್ನುತ್ತಾನೆ. ಅಂಗಡಿಯವನು, "ಹಾಗಾದ್ರೆ ಕತ್ತೇನ ಕರ್ಕೊಂಡು ಬಾ, ಅದರ ಜೊತೆ ಮಾತಾಡ್ತೀನಿ," ಅನ್ನುತ್ತಾನೆ. ಇಬ್ಬರೂ ಅಣ್ಣತಮ್ಮಂದಿರ ಹಾಗೆ ಕೈ ಹಿಡಿದುಕೊಂಡು ನಗುತ್ತಾರೆ.

ದಂಡೆಯ ಬೆಂಚಿನಲ್ಲಿ ಕೂತೆವು. ಬೆಟ್ಟದ ನೆತ್ತಿಯ ಕೋಟೆಗೆ ಸಂಜೆಯ ಬಿಸಿಲು ಬಿದ್ದಿತ್ತು. ಬಂದರಿನಲ್ಲಿ ಪ್ರವಾಸಿಗರ ಒಂದು ದೈತ್ಯ ಬಿಳೀ ಹಡಗು. ಅದರ ಮುಂದೆ ನೀರು ಮಾತ್ರ ಹಳೆಯದು, ತಿಳಿಹಸಿರು, ಅಜ್ಜ ಹೇಳುತ್ತಿದ್ದಂಥದ್ದೇ. ಅಜ್ಜ ಅನ್ನುತ್ತಿದ್ದ: ಮತ್ರಾದ ಒಳಗೆ ಬಂದ ಹಡಗು ತಾಯಿಯ ಮಡಿಲಿಗೆ ಬಂದ ಹಾಗೆ, ಬೆಟ್ಟ ಎರಡೂ ಕೈ ಚಾಚಿ ಹಿಡಿದುಕೊಳ್ಳುತ್ತೆ. ನಿಜ. ನೋಡುತ್ತಾ ಕೂತರೆ ಯಾರ ಮೇಲೆ ಸಿಟ್ಟು ಅನ್ನುವುದೇ ಮರೆತುಹೋಗುತ್ತದೆ. ಅಂಥ ಊರಿದು. ನನಗೆ ಮರೆಯುವುದು ಬೇಕಿರಲಿಲ್ಲ.

ಚಿಕ್ಕಪ್ಪ ಕೆಂಡದ ಮೇಲೆ ಸುಟ್ಟ ಮಾಂಸದ ಕಡ್ಡಿಗಳನ್ನು ತಂದ. ಮೇಲೆ ಹುಣಸೆಯ ಹುಳಿ. ನನ್ನ ಬಲಗೈ ಮುಚ್ಚುವುದಿಲ್ಲ. ಎಡಗೈಯಲ್ಲಿ ತಿನ್ನುವುದು ಹೇಗೆ? ಹಾದಿಬೀದಿಯಲ್ಲಿ, ಹತ್ತು ಜನರ ಕಣ್ಣೆದುರು, ತೊಳೆದುಕೊಳ್ಳುವ ಕೈಯಲ್ಲಿ! ಸುಮ್ಮನೆ ಕೂತೆ. ಚಿಕ್ಕಪ್ಪ ಕಡ್ಡಿಯಿಂದ ಒಂದು ತುಂಡು ಕಿತ್ತು ನನ್ನ ಬಾಯಿಗೇ ಹಿಡಿದ.

"ಆ ಅನ್ನು, ಮದುಮಗಾ."

"ಬಿಡು ಚಿಕ್ಕಪ್ಪ, ಜನ ನೋಡ್ತಾರೆ."

"ನೋಡ್ಲಿ. ಎಡಗೈಲಿ ತಿನ್ನೋದನ್ನ ನೋಡೋಕಿಂತ ವಾಸಿ." ತಿನ್ನಿಸುತ್ತಲೇ ಬುದ್ಧಿ ಹೇಳಿದ. "ಮಜ್ಲಿಸ್‌ನಲ್ಲಿ ಬಾಯಿ ತೆಗೀಬೇಡ. ಕಾಫಿ ಬಲಗೈಲಿ ಇಸ್ಕೋ, ಹೇಗಾದ್ರೂ ಬೆರಳ ಸಂದೀಲಿ ಸಿಕ್ಕಿಸ್ಕೋ. ಸಾಕಾದ್ರೆ ಬಟ್ಟಲು ಅಲ್ಲಾಡ್ಸು. ಮತ್ತೆ, ಏನೇ ಆಗ್ಲಿ, ಕುಡೀದೆ ಕೆಳಗಿಡಬೇಡ. ನಾವು ಮಾರೋಕೆ ಬಂದಿರೋರು, ಬೇಡೋಕಲ್ಲ."

"ನಂಗೊತ್ತಿಲ್ವಾ?"

ನಮ್ಮಲ್ಲಿ ಮಗುವಿಗೂ ಗೊತ್ತು. ಇನ್ನೊಬ್ಬರ ಮನೆಯಲ್ಲಿ ಕಾಫಿ ಇಸಕೊಂಡು, ತುಟಿಗೆ ತಾಗಿಸದೆ ಮುಂದಿಟ್ಟರೆ ಅದೊಂದು ಕೋರಿಕೆ. ಯಜಮಾನ ಕೇಳಲೇಬೇಕು: ಏನು ಬೇಕು? ಕೊಡುತ್ತೇನೆ, ಕುಡಿ ಅನ್ನುವವರೆಗೆ ಬಂದವನು ಕುಡಿಯುವಂತಿಲ್ಲ. ಕುಡಿಯದೆ ಎದ್ದು ಹೋದರೆ ಆ ಮನೆಯ ಮಾನ ಹೋದ ಹಾಗೆ. ಹಾಗಂತ ಸಣ್ಣಪುಟ್ಟದ್ದಕ್ಕೆ ಯಾರೂ ಬಟ್ಟಲು ಕೆಳಗಿಡುವುದಿಲ್ಲ. ನಮ್ಮ ಕೇರಿಯಲ್ಲಿ ಒಬ್ಬ ಹಾಗೆ ಬಟ್ಟಲಿಟ್ಟು, ತನ್ನ ತಮ್ಮ ಮಾಡಿದ ಕೊಲೆಗೆ ಕ್ಷಮೆ ಪಡೆದುಕೊಂಡು ಬಂದಿದ್ದ. ಅಷ್ಟು ತೂಕದ್ದು ಅದು.

ಸಂಜೆಯ ನಮಾಜು ಮುಗಿಸಿ ಹೋದೆವು. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ದಿಂಬು, ಕೆಂಪು ಜಮಖಾನ. ನೆಂಟರು, ನೆರೆಯವರು ಅಂತ ಹತ್ತು ಹದಿನೈದು ಜನ ಕೂತಿದ್ದರು. ನಾವು ಒಳಗೆ ಬಂದ ಕೂಡಲೇ ಎಲ್ಲರೂ ಎದ್ದು ನಿಂತರು. ನನಗೂ. ಅಂಗಳದಲ್ಲಿ ಮರ ಕೆತ್ತುವವನಿಗೂ ಆ ಬಿಳಿಗಡ್ಡಗಳೆಲ್ಲ ಎದ್ದವು. ಸಿಟ್ಟು ಒಂದಿಷ್ಟು ಸಡಿಲವಾಯಿತು, ಮತ್ತೆ ಬಿಗಿ ಮಾಡಿಕೊಂಡೆ.

ಶೇಖ್ ಥುವೈನಿ ತೆಳ್ಳನೆಯ ಮನುಷ್ಯ. ದೊಡ್ಡ ಮೂಗು, ಅದಕ್ಕಿಂತ ದೊಡ್ಡ ಕಿವಿ. ನಮ್ಮ ಪದ್ಧತಿಯಂತೆ ಚಿಕ್ಕಪ್ಪನ ಮೂಗಿಗೆ ಮೂಗು ತಾಗಿಸಿ, ಕೈ ಬಿಡದೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡರು.

"ಸುದ್ದಿ ಏನು ಜುಮಾ?"

"ಸುದ್ದಿ ಏನಿಲ್ಲ, ಎಲ್ಲಾ ಒಳ್ಳೇದು. ನಿಮ್ಮ ಕಡೆ?"

"ಏನಿಲ್ಲ, ಒಳ್ಳೇದೇ."

ಮನೆಗೆ ಬೆಂಕಿ ಬಿದ್ದು ಬಂದವನೂ ಹೀಗೇ ಹೇಳಬೇಕು. ಆಮೇಲೆ ನನ್ನ ಕಡೆ ತಿರುಗಿದರು. "ಸುದ್ದಿ ಏನು ಮಗನೇ?" ಸುದ್ದಿ ಏನಂದರೆ ನೀವು ನನ್ನಜ್ಜನ ಹಡಗನ್ನು ಕೊಯ್ಯುತ್ತಿದ್ದೀರಿ ಅಂತ ನಾಲಿಗೆಯ ತುದಿಗೆ ಬಂತು. "ಏನಿಲ್ಲ, ಒಳ್ಳೇದು," ಅಂದೆ.

ಖರ್ಜೂರ ಬಂತು. ಶೇಖರ ತಮ್ಮ ಬದರ್, ಬ್ಯಾಂಕಿನ ದೊಡ್ಡ ಅಧಿಕಾರಿಯಂತೆ, ಎಡಗೈಯಲ್ಲಿ ಹೂಜಿ, ಬಲಗೈಯಲ್ಲಿ ಬಟ್ಟಲುಗಳ ಗೋಪುರ ಹಿಡಿದು ತಾನೇ ಕಾಫಿ ಸುರಿಯುತ್ತಾ ಬಂದ. ಎಲ್ಲೇ ಅಧಿಕಾರಿಯಾಗಿರಲಿ, ಮನೆಗೆ ಬಂದವರ ಮುಂದೆ ಬಾಗಿ ಕಾಫಿ ಸುರಿಯಬೇಕು. ಈ ಜನರಲ್ಲಿ ನನಗೆ ಹಿಡಿಸುವುದು ಇದೇ, ಏನು ಮಾಡಲಿ?

ನನ್ನ ಮುಂದೆ ಬಾಗಿದ. ಹಿಡಿಯಿಲ್ಲದ ಪುಟ್ಟ ಬಟ್ಟಲು. ಹೆಬ್ಬೆರಳಿಲ್ಲದೆ ಅದನ್ನು ಹಿಡಿದು ನೋಡಿ. ತೋರುಬೆರಳು, ನಡುಬೆರಳ ನಡುವೆ ಸಿಕ್ಕಿಸಿಕೊಂಡೆ. ಏಲಕ್ಕಿಯ ಹಬೆ ಮುಖಕ್ಕೆ ಬಡಿಯಿತು. ಬೆಂಕಿಯಂಥ ಕಾಫಿ. ಬೆರಳಿನಲ್ಲಿ ಖರ್ಜೂರದ ಅಂಟು ಬೇರೆ. ಬಟ್ಟಲು ಮೆಲ್ಲಗೆ ವಾಲಿತು. ಬಿಗಿ ಹಿಡಿಯೋಣ ಅಂದರೆ ಹೊಲಿಗೆ ಚುರುಕ್ಕೆಂದಿತು. ಎಡಗೈ ತಾನಾಗಿ ಮೇಲೆದ್ದಿತು. ಅದನ್ನು ತೊಡೆಗೆ ಒತ್ತಿ ಹಿಡಿದೆ. ಅಷ್ಟು ಜನ ದೊಡ್ಡವರ ಮುಂದೆ ಎಡಗೈಯೇ? ಸತ್ತರೂ ಇಲ್ಲ. ಬಿಸಿ ಕಾಫಿ ಬೆರಳ ಮೇಲೆ ತುಳುಕಿತು. ಇನ್ನೊಂದು ಉಸಿರು ಕಳೆದರೆ ಜಮಖಾನದ ಮೇಲೆಲ್ಲ ಚೆಲ್ಲುತ್ತಿತ್ತು.

ಕೆಳಗಿಟ್ಟೆ.

ಇಟ್ಟ ಮೇಲೆ ಗೊತ್ತಾಯಿತು ಏನು ಮಾಡಿದೆ ಅಂತ. ಮೊದಲು ನಿಂತದ್ದು ಬದರನ ಹೂಜಿಯ ಸದ್ದು. ಆಮೇಲೆ ಮಾತುಗಳು, ಒಂದರ ಹಿಂದೆ ಒಂದು. ಮೂಲೆಯಲ್ಲಿ ಆಡಿನ ರೇಟಿನ ಬಗ್ಗೆ ಜಗಳವಾಡುತ್ತಿದ್ದ ಮುದುಕರಿಬ್ಬರೂ ಬಾಯಿ ಮುಚ್ಚಿದರು. ಎಲ್ಲರ ಕಣ್ಣೂ ಆ ಬಟ್ಟಲಿನ ಮೇಲೆ. ಅದರಿಂದ ಹಬೆ ಏಳುತ್ತಿತ್ತು.

ಚಿಕ್ಕಪ್ಪನ ಮುಖ ಸುಣ್ಣ ಬಳಿದ ಹಾಗಾಯಿತು. "ಶೇಖ್, ಹುಡುಗನ ಕೈಗೆ ಗಾಯ... ಹಿಡಿಯೋಕೆ ಆಗ್ಲಿಲ್ಲ... ಅವನ ಮನಸ್ಸಲ್ಲಿ ಏನೂ..."

ಶೇಖ್ ಥುವೈನಿ ಕೈ ಎತ್ತಿ ಅವನನ್ನು ತಡೆದರು. ನೇರವಾಗಿ ನನ್ನನ್ನೇ ನೋಡಿದರು.

"ನೀನು ಹೇಳು ಮಗನೇ. ಕಾಫಿ ಕೆಳಗಿದೆ. ಏನು ಬೇಕು?"

ಏನೂ ಬೇಡ ಅಂದುಬಿಟ್ಟರೆ ಮುಗಿಯುತ್ತಿತ್ತು. ಕೈ ತೋರಿಸಿದರೆ ಎಲ್ಲರೂ ನಗುತ್ತಿದ್ದರು, ಯಾರೋ ಒಬ್ಬರು ಬಟ್ಟಲನ್ನು ನನ್ನ ತುಟಿಗೆ ಹಿಡಿಯುತ್ತಿದ್ದರು, ಮೈಮೂನಾ ಎರಡು ಹೋಳಾಗುತ್ತಿದ್ದಳು. ಇನ್ನೊಂದು ದಾರಿಯೂ ಇತ್ತು. ಬೇಕೆಂದೇ ಇಟ್ಟೆ ಅಂತ ಎದೆ ಸೆಟೆಸಿ ಸುಳ್ಳು ಹೇಳುವುದು. ಅಷ್ಟು ಜನ ಎದ್ದು ನಿಂತು ನನ್ನನ್ನು ಒಳಗೆ ಕರೆದುಕೊಂಡಿದ್ದರಲ್ಲ, ಅವರ ಮುಂದೆ ಆ ಸುಳ್ಳು ಹೇಳಲಾಗಲಿಲ್ಲ.

"ಚಿಕ್ಕಪ್ಪ ಹೇಳಿದ್ದು ನಿಜ," ಅಂದೆ. "ಕೈ ನೋವಿಗೆ ಇಟ್ಟೆ. ಕೇಳೋಕೆ ಇಟ್ಟಿದ್ದಲ್ಲ. ಆದ್ರೆ ನೀವು ಕೇಳಿದ್ರಿ. ಕೇಳಿದ ಮೇಲೆ ಏನಿಲ್ಲ ಅಂದ್ರೆ ಅದೂ ಸುಳ್ಳೇ. ನನ್ನ ಹತ್ರ ಒಂದು ಇದೆ."

"ಹೇಳು."

"ಅವಳನ್ನ ಕೊಯ್ಯಬೇಡಿ."

ಯಾರನ್ನು ಅಂತ ಅವರು ಕೇಳಲಿಲ್ಲ. ಗಡ್ಡ ಸವರಿಕೊಂಡರು. ಮೂಲೆಯ ಮುದುಕನೊಬ್ಬ ಗೊಣಗಿದ: "ಕೈ ನೋವಿನ ಬಟ್ಟಲಿಗೆ ಲೆಕ್ಕ ಇಲ್ಲಪ್ಪ. ಹುಡುಗ ತಾನೇ ಒಪ್ಕೊಂಡ."

"ಒಪ್ಕೊಂಡಿದ್ದಕ್ಕೇ ಲೆಕ್ಕ," ಅಂದರು ಶೇಖ್. ನನ್ನ ಕಡೆ ತಿರುಗಿ, "ಕುಡಿ. ಅವಳ ಮೇಲೆ ಗರಗಸ ಇಡಿಸಲ್ಲ," ಅಂದರು.

ಅಷ್ಟೇ. ಲಾಭನಷ್ಟ ಎಣಿಸಲಿಲ್ಲ, ಷರತ್ತು ಹಾಕಲಿಲ್ಲ. ಮಗಳ ತಿಂಗಳುಗಟ್ಟಲೆಯ ನಕ್ಷೆ, ಹೋಟೆಲಿನ ಹಾಲ್, ಎಲ್ಲವನ್ನೂ ಒಂದು ಬಟ್ಟಲು ಕಾಫಿಗೆ ಬಿಟ್ಟುಕೊಟ್ಟರು. ಬದರ್ ಕೂತು, ಬಟ್ಟಲೆತ್ತಿ, ನನ್ನ ಬಾಯಿಗೆ ತಾನೇ ಹಿಡಿದ. ಕುಡಿದೆ. ನಾಲಿಗೆ ಸುಟ್ಟಿತು. ಅಷ್ಟು ರುಚಿಯ ಕಾಫಿಯನ್ನು ನಾನು ಕುಡಿದದ್ದಿಲ್ಲ.

ಆಮೇಲೆ ಶೇಖರು ಚಿಕ್ಕಪ್ಪನಿಗೆ ಮೆಲ್ಲಗೆ ಹೇಳಿದ್ದು ಕೇಳಿಸಿತು. "ಜುಮಾ, ಇಡೀ ಹಡಗು ನನ್ನ ಹಾಲ್‌ನಲ್ಲಿ ಹಿಡಿಸಲ್ಲ. ಹಾಗಾಗಿ ನಮ್ಮ ವ್ಯಾಪಾರ ಇಲ್ಲಿಗೆ ಮುಗೀತು. ಬೇಜಾರು ಮಾಡ್ಕೋಬೇಡ."

"ಛೆ ಛೆ, ಬೇಜಾರೇನು ಶೇಖ್," ಅಂದ ಚಿಕ್ಕಪ್ಪ. ನಕ್ಕ. ನಾನು ಕೇಳಿದ್ದು ನನಗೆ ಸಿಕ್ಕಿತ್ತು. ಅವನು ಕೂಡಿಸಿಕೊಂಡು ಬಂದಿದ್ದೆಲ್ಲ ಹೋಗಿತ್ತು: ಅಂಗಳ, ಕೆಲಸದವರು, ಬಾಗಿಲು ತೆರೆದಿಡುವ ಆಸೆ. ಬೆಳಿಗ್ಗೆಯಿಂದ ಇಸ್ತ್ರಿ ಮುರಿಯದ ಹಾಗೆ ಜೋಪಾನ ಮಾಡಿಕೊಂಡಿದ್ದ ದಿಶ್‌ದಾಶಾ ಅವನ ಮೊಣಕಾಲ ಹತ್ತಿರ ಮುದುಡಿ ಮುದ್ದೆಯಾಗಿತ್ತು. ಅವನೇ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.

ಎಲ್ಲರೂ ಏನೂ ಆಗದವರ ಹಾಗೆ ಮತ್ತೆ ಆಡಿನ ರೇಟು ಶುರುಮಾಡಿದರು. ಬದರ್ ಸುತ್ತು ಮುಗಿಸಿ ಕೊನೆಗೆ ಅಣ್ಣನಿಗೆ ಸುರಿದ. ಶೇಖರು ಬಟ್ಟಲು ಇಸಕೊಂಡು ತುಟಿಯ ಹತ್ತಿರ ತಂದರು. ಏನೋ ನೆನಪಾದವರ ಹಾಗೆ ತಡೆದರು. ನನ್ನ ಕೈಯ ಬಟ್ಟೆ ನೋಡಿದರು. ಆಮೇಲೆ ಬಾಗಿ, ಕುಡಿಯದ ಬಟ್ಟಲನ್ನು ಚಿಕ್ಕಪ್ಪನ ಮುಂದೆ ಜಮಖಾನದ ಮೇಲಿಟ್ಟರು.

"ಯಾ ಥುವೈನಿ!" ಅಂದ ಮೂಲೆಯ ಮುದುಕ. "ಮನೆ ಯಜಮಾನ ಬಂದೋರ ಮುಂದೆ ಬಟ್ಟಲಿಡೋದು ಎಲ್ಲಿಯ ಪದ್ಧತಿಯೋ? ನಿನಗೂ ಕೈ ನೋವಾ?"

"ನನಗೆ ಬೇರೆ ಕಡೆ ನೋವು, ಸುಮ್ನಿರಿ ಮಾಮ." ಚಿಕ್ಕಪ್ಪನನ್ನೇ ನೋಡುತ್ತಾ ಹೇಳಿದರು. "ನಮ್ಮಪ್ಪ ಮತ್ರಾದಲ್ಲಿ ಅಂಗಡಿ ಇಟ್ಟಾಗ ಬೆಳಿಗ್ಗೆ ಬಾಗಿಲು ತೆಗೀತಿರಲಿಲ್ಲ. ಕೊಲ್ಲಿಯ ಬಾಯಲ್ಲಿ ಸೂರ್ ಹಡಗಿನ ಹಾಯಿ ಕಂಡ ಮೇಲೆ ತೆಗೀತಿದ್ದ. ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ತೋರಿಸ್ತಿದ್ದ. ಅದನ್ನ ನಾನು ಮರೆತಿದ್ದೆ. ಲಾರಿ ಮೇಲೆ ತರಿಸಿ, ಕೊಯ್ದು, ಮೇಜು ಮಾಡೋಕೆ ಹೊರಟಿದ್ದೆ. ಈಗ ನನ್ನ ಕೋರಿಕೆ ಕೇಳು. ರಂಜಾನಿನ ಚಂದ್ರ ಕಾಣೋದ್ರೊಳಗೆ ಆ ಹಡಗು ನೀರ ಮೇಲೆ ಬರ್ಲಿ. ಹಾಯಿ ಬಿಚ್ಚಿ, ಇಂಜಿನ್ ಇಲ್ದೆ, ಮತ್ರಾದ ಒಳಗೆ. ಬಂದ ದಿನ ಇಡೀ ಹಡಗನ್ನ ಕೊಳ್ತೀನಿ. ಹೋಟೆಲ್ ಮುಂದೆ ನೀರಲ್ಲೇ ಕಟ್ಕೋತೀನಿ. ನೋಡ್ಕೊಳ್ಳೋದೂ ನಿಮ್ಮ ಅಂಗಳದವರೇ."

"ಬರದೆ ಹೋದ್ರೆ?" ಅಂತ ಬಾಯಿ ಹಾಕಿದೆ.

"ಬರದೆ ಹೋದ್ರೆ ನಿಮ್ಮ ಹಡಗು ನಿಮ್ಮ ದಂಡೇಲಿ. ನನ್ನ ಮಾತು ನನ್ನ ಹತ್ರ."

ಬೇಡ ಅನ್ನಬೇಕಿತ್ತು. ಬೇಡ ಅನ್ನೋಕೆ ನನಗೊಂದು ಕಾರಣ ಗೊತ್ತಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಚಿಕ್ಕಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮುಷ್ಟಿ ಬಿಡಿಸಿ, ಮುದುಡಿದ ಬಟ್ಟೆಯನ್ನು ಅಂಗೈಯಿಂದ ನೀವಿ ಸರಿಮಾಡಿಕೊಂಡ.

"ಕುಡೀರಿ ಶೇಖ್," ಅಂದ. "ಬರ್ತಾಳೆ."

ಧೂಪದ ಬಟ್ಟಲು ಸುತ್ತಿ ಬಂತು. ಧೂಪ ಬಂದ ಮೇಲೆ ಯಾರೂ ಕೂರುವುದಿಲ್ಲ. ಗಡ್ಡಕ್ಕೆ, ಬಟ್ಟೆಗೆ ಹೊಗೆ ತಾಗಿಸಿಕೊಂಡು ಎದ್ದೆವು. ಹೊರಬಾಗಿಲಲ್ಲಿ ರಯ್ಯಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಒಳಗಿನ ಸುದ್ದಿ ನಮಗಿಂತ ಮೊದಲೇ ಹೊರಗೆ ಬಂದಿತ್ತು.

"ಬಾರಪ್ಪ ಬಾ, ಕಾಫಿ ಕೆಳಗಿಟ್ಟೋನೇ," ಅಂದಳು. "ನನ್ನ ಇಡೀ ವರ್ಷದ ಕೆಲಸಾನ ಒಂದು ಬಟ್ಟಲಲ್ಲಿ ಮುಳುಗಿಸ್ದೆ. ಈಗ ಹೋಟೆಲ್ಗೆ ಬಂದೋರು ಎಲ್ಲಿ ನಿಂತು ಹೆಸರು ಬರೆಸ್ಬೇಕು? ನಿನ್ನ ತಲೆ ಮೇಲಾ?"

"ನಿಮ್ಮಪ್ಪನ ಕಾರಿದೆಯಲ್ಲಾ ಅಕ್ಕಾ."

"ಹೋಗೋ!" ನಗು ತಡೆದುಕೊಂಡು ಕೇಳಿದಳು. "ನೀರಿಗಿಳಿದ ಮೇಲೆ ಎಷ್ಟು ಎತ್ತರ ಕಾಣ್ತಾಳೆ? ಹಾಯಿ ಸೇರಿ? ಅಳತೆ ಕಳ್ಸು, ಕಿಟಕಿಗಳನ್ನೆಲ್ಲ ಆ ಕಡೆಗೆ ತಿರುಗಿಸ್ಬೇಕು." ಆ ಕೆಂಪು ಗೆರೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಚಿಕ್ಕಪ್ಪ ಗಾಡಿಯನ್ನು ಸೀದಾ ಊರಿಗೆ ಬಿಡುತ್ತಾನೆ ಅಂದುಕೊಂಡಿದ್ದೆ. ಬಿಡಲಿಲ್ಲ. ಮತ್ತೆ ದಂಡೆಗೇ ಬಂದ. ಅದೇ ಬೆಂಚು. ದೀಪಗಳು ಹೊತ್ತಿದ್ದವು, ಕೋಟೆ ಚಿನ್ನದ ಹಾಗೆ ಹೊಳೆಯುತ್ತಿತ್ತು, ನೀರಿನಲ್ಲಿ ಇಡೀ ಊರು ತಲೆಕೆಳಗಾಗಿ ಮಲಗಿತ್ತು. ಹೆಂಗಸರು ಮಕ್ಕಳು ಗುಂಪುಗುಂಪಾಗಿ ಓಡಾಡುತ್ತಿದ್ದರು. ಎಂಥಾ ಊರು, ಛೆ. ಬಯ್ಯೋಕೆ ಬಂದವನಿಗೂ ಒಂದು ಬೆಂಚು ಇಟ್ಟಿರುತ್ತದೆ. ಮಾಂಸದ ಕಡ್ಡಿ ತಂದ, ಆದರೆ ತಿನ್ನದೆ ಕೊಲ್ಲಿಯ ಬಾಯನ್ನೇ ನೋಡುತ್ತಾ ಕೂತ. ಬೆರಳು ಗಾಳಿಯಲ್ಲಿ ಒಂದು ದಾರಿ ಬರೆಯುತ್ತಿತ್ತು: ಇಲ್ಲಿಂದ ಒಳಗೆ, ಇಲ್ಲಿ ಹಾಯಿ ಇಳಿಸಿ, ಇಲ್ಲಿ ಲಂಗರು.

ಹೇಳದೆ ಇರಲಾಗಲಿಲ್ಲ.

"ಚಿಕ್ಕಪ್ಪ, ಬಾಚಿ ಸುಮ್ನೆ ಜಾರಿದ್ದಲ್ಲ."

"ಹೂಂ?"

"ಗಟ್ಟಿ ತೇಗ ಅಂತ ಜೋರಾಗಿ ಹೊಡೆದೆ. ಒಳಗೆ ಹೂತು ಹೋಯ್ತು, ಬೆಣ್ಣೆಗೆ ಹೊಡೆದ ಹಾಗೆ. ಅದಕ್ಕೇ ಕೈ ತಪ್ಪಿದ್ದು. ಅಡಿಮರದ ಪಕ್ಕದ ಹಲಗೆಗಳು ಕೊಳೆತಿವೆ. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ನೀನು ಇನ್ನೂ ಬೇಗ ಮಾರ್ತೀಯ ಅಂತ."

ಬಯ್ಯುತ್ತಾನೆ ಅಂತ ಕಾದೆ. ಅವನು ಕೊಲ್ಲಿಯಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು," ಅಂದ. "ಹೋದ ಚಳಿಗಾಲದಲ್ಲೇ ನೋಡಿದ್ದೆ. ಅದಕ್ಕೇ ಅಲ್ವೇನೋ ಮಾರೋಕೆ ಹೊರಟಿದ್ದು? ನಿನಗೆ ಹೇಳಿದ್ರೆ ತಲೆ ಚಚ್ಕೋತೀಯ ಅಂತ ಸುಮ್ನಿದ್ದೆ."

"ಗೊತ್ತಿದ್ದೂ ಬರ್ತಾಳೆ ಅಂದ್ಯಾ?"

"ಮತ್ತೇನನ್ಲಿ? ಅವರ ಕಾಫಿ ಆರ್ತಾ ಇತ್ತು."

ಕೊಳೆತ ಹಲಗೆ ಕಿತ್ತು, ಹೊಸದು ಕೊಯ್ದು, ಬಗ್ಗಿಸಿ, ಹತ್ತಿ ತುರುಕಿ, ಎಣ್ಣೆ ಕುಡಿಸಿ, ನೀರಿಗಿಳಿಸಿ, ಹಾಯಿ ಹೊಲಿಸಿ... ಹಾಯಿ ಹಿಡಿಯಲು ಬಲ್ಲ ಮುದುಕರಲ್ಲಿ ಇನ್ನೂ ಯಾರು ಯಾರು ಬದುಕಿದ್ದಾರೆ ಅಂತ ಮನಸ್ಸಿನಲ್ಲೇ ಮನೆಮನೆ ತಟ್ಟಿದೆ. ಬೆಳಿಗ್ಗೆಯಿಂದ ಕೆಂಡದ ಹಾಗೆ ಎದೆಯಲ್ಲಿದ್ದ ಸಿಟ್ಟು ಎಲ್ಲಿ ಅಂತ ತಡಕಾಡಿದೆ. ಇತ್ತು. ಆದರೆ ಈಗ ಅದಕ್ಕೆ ಮಾಡೋಕೆ ಕೆಲಸ ಸಿಕ್ಕಿತ್ತು.

"ಆ ಕೈ ಯಾವಾಗ ವಾಸಿಯಾಗುತ್ತೆ?" ಅಂದ ಚಿಕ್ಕಪ್ಪ.

"ಬೇಗ."

"ಬೇಗ ಅಂದ್ರೆ ಸಾಲ್ದು." ಕಡ್ಡಿಯಿಂದ ದೊಡ್ಡ ತುಂಡೊಂದನ್ನು ಕಿತ್ತು ನನ್ನ ಬಾಯಿಯ ಮುಂದೆ ಹಿಡಿದ. "ಆ ಅನ್ನು. ಚೆನ್ನಾಗಿ ತಿನ್ನು. ನಾಳೆಯಿಂದ ತಿನ್ಸೋಕೆ ನಂಗೆ ಪುರಸೊತ್ತಿರಲ್ಲ."